ಕಾರಿನ ಹಿಂದೆ ಮನೆ ಕಟ್ಟಿಕೊಂಡು ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ: ದಂಪತಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿಗೆ ಕ್ಯಾರವಾನ್ ಟ್ರೇಲರ್ ಜೋಡಿಸಿಕೊಂಡು ಗಂಡ ಹೆಂಡತಿ ಇಬ್ಬರೇ ಹೊರಟು, ದಾರಿಯಲ್ಲಿ ಸ್ನೇಹಿತರ ಮನೆಗಳಿಗೂ ಹೋಗಿ, ಬೆಟ್ಟ ಗುಡಿಗಳನ್ನೂ ನೋಡಿ ಬರಬೇಕು ಅನ್ನುವವರಿಗೆ ಈ ಪುಟ. ಉತ್ತರಗಳೆಲ್ಲ ಒಂದು ಅಚ್ಚಿನ, ಅಂದರೆ ಎರಡೇ ಗಾಲಿಯ, 700ರಿಂದ 1,000 ಕಿಲೋ ತೂಗುವ ಟ್ರೇಲರ್‌ಗೆ ಅನ್ವಯಿಸುತ್ತವೆ.

ನಮ್ಮ ಕಾರು ಟ್ರೇಲರ್ ಎಳೆಯುತ್ತದೆಯೇ?

ಎಂಜಿನ್ ಎಷ್ಟು ಸಿಸಿ ಅನ್ನುವುದರಿಂದ ಇದು ತೀರ್ಮಾನವಾಗುವುದಿಲ್ಲ. ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿಯಲ್ಲಿ ಟ್ರೇಲರ್ ಎಳೆಯುವ ಬಗ್ಗೆ ಒಂದು ಪುಟ ಇರುತ್ತದೆ. ಬ್ರೇಕ್ ಇರುವ ಟ್ರೇಲರ್‌ಗೆ ಎಷ್ಟು ಕಿಲೋ, ಬ್ರೇಕ್ ಇಲ್ಲದ್ದಕ್ಕೆ ಎಷ್ಟು, ಹಿಚ್ (ಟ್ರೇಲರ್ ಸಿಕ್ಕಿಸಲು ಕಾರಿನ ಹಿಂದೆ ಇರುವ ಕೊಂಡಿ) ಮೇಲೆ ಎಷ್ಟು ಭಾರ ಬೀಳಬಹುದು ಎಂದು ಅಲ್ಲಿ ಬೇರೆ ಬೇರೆಯಾಗಿ ಹೇಳಿರುತ್ತಾರೆ. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಕಾರುಗಳ ಕೈಪಿಡಿಯಲ್ಲಿ ‘ಈ ವಾಹನದಿಂದ ಟ್ರೇಲರ್ ಎಳೆಯಬೇಡಿ’ ಎಂದೇ ಇದೆ. ಹಾಗಿದ್ದರೆ ಅಲ್ಲಿಗೆ ಮುಗಿಯಿತು. ಬಂಪರ್‌ಗೆ ಯಾರೋ ವೆಲ್ಡಿಂಗ್ ಮಾಡಿಕೊಟ್ಟ ಹಿಚ್ ಸೈಕಲ್ ಸ್ಟ್ಯಾಂಡ್ ಹೊರುವುದಕ್ಕೆ ಸಾಕಾಗಬಹುದು, ಮನೆ ಎಳೆಯುವುದಕ್ಕೆ ಆಗುವುದಿಲ್ಲ. ಹಿಚ್ ಅನ್ನು ಕಾರಿನ ಚಾಸಿಗೇ ಬೋಲ್ಟ್ ಹಾಕಿ ಕೂರಿಸಬೇಕು. ಹಿಚ್‌ನ ಗುಂಡು, ಅಂದರೆ ಬಾಲ್, 50 ಮಿಲಿಮೀಟರ್‌ನದಾಗಿದ್ದರೆ ಅದರ ಮೇಲೆ ಕೂರುವ ಟ್ರೇಲರ್ ಕಪ್ಲರ್ ಕೂಡ 50ರದ್ದೇ ಆಗಿರಬೇಕು. ಬಾಲಿಗಿಂತ ಕಪ್ಲರ್ ತುಸು ದೊಡ್ಡದಾದರೂ ಮೇಲೆ ಕೂತಂತೆ ಕಾಣುತ್ತದೆ, ಹಂಪ್ ಬಂದಾಗ ಎದ್ದು ಕಳಚಿಕೊಳ್ಳುತ್ತದೆ.

ದಾಖಲೆ ಏನೇನು ಬೇಕು?

ಟ್ರೇಲರ್‌ಗೆ ಅದರದೇ ನೋಂದಣಿ, ಅದರದೇ ವಿಮೆ ಬೇಕು. ನಂಬರ್ ಪ್ಲೇಟ್ ವಿಷಯದಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಟ್ರೇಲರ್‌ನ ಸ್ವಂತ ನಂಬರ್ ಅದರ ಪಕ್ಕದ ಮೈಮೇಲೆ ಇರಬೇಕು, ಎಳೆಯುವ ಕಾರಿನ ನಂಬರ್ ಟ್ರೇಲರ್‌ನ ಹಿಂಬದಿಯಲ್ಲಿ ಕಾಣಬೇಕು. ಕಾರಿನ ಹಿಂದಿನ ಪ್ಲೇಟ್ ಟ್ರೇಲರ್ ಮರೆಯಲ್ಲಿ ಹೋಗುವುದರಿಂದ ಈ ನಿಯಮ. ಕಾರಿನ ವಿಮೆ ಕಂಪನಿಗೂ ಟ್ರೇಲರ್ ಎಳೆಯುವ ವಿಷಯ ಬರವಣಿಗೆಯಲ್ಲಿ ತಿಳಿಸಿಡಿ. ಓಡುವಾಗ ಟ್ರೇಲರ್ ಒಳಗೆ ಯಾರೂ ಕೂರಬಾರದು, ಮಲಗಬಾರದು, ಐದೇ ನಿಮಿಷದ ದಾರಿಯಾದರೂ ಸರಿ.

‘ಮೂಕಿ ಭಾರ’ ಅಂದರೇನು? ಅದಕ್ಕೆ ಯಾಕೆ ಅಷ್ಟು ಒತ್ತು?

ಎತ್ತಿನ ಗಾಡಿಗೆ ಹೇರು ಹೇರಿದವರನ್ನು ಕೇಳಿ. ಹಿಂಭಾರ ಆದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರ ಆದರೆ ನೊಗ ಕುತ್ತಿಗೆಯ ಮೇಲೆ ಕೂರುತ್ತದೆ. ಅಚ್ಚಿನ ಮೇಲೆ ಹೇರು ಕೂತು, ಮುಂದಕ್ಕೆ ಸ್ವಲ್ಪವೇ ಭಾರ ಇದ್ದರೆ ಗಾಡಿ ಹೂವಿನಂತೆ ನಡೆಯುತ್ತದೆ. ಟ್ರೇಲರ್ ಲೆಕ್ಕವೂ ಅದೇ: ಅದರ ಮೂಕಿ, ಅಂದರೆ ಮುಂದಕ್ಕೆ ಚಾಚಿದ ಎಳೆಯುವ ತೊಲೆ, ಹಿಚ್ ಮೇಲೆ ಹೇರುವ ತೂಕವೇ ಮೂಕಿ ಭಾರ. ಹೇರು ತುಂಬಿದ ಟ್ರೇಲರ್‌ನ ಒಟ್ಟು ತೂಕದಲ್ಲಿ ನೂರಕ್ಕೆ 7ರಿಂದ 10 ಪಾಲು ಹಿಚ್ ಬಾಲ್ ಮೇಲೆ ಬೀಳಬೇಕು. 800 ಕಿಲೋ ಟ್ರೇಲರ್‌ಗೆ 56ರಿಂದ 80 ಕಿಲೋ. ಆದರೆ ಕಾರಿನ ಕೈಪಿಡಿ ಮತ್ತು ಹಿಚ್ ತಗಡಿನ ಮೇಲೆ ಬರೆದ ಮಿತಿಗಳಲ್ಲಿ ಯಾವುದು ಕಡಿಮೆಯೋ ಅದನ್ನು ದಾಟುವಂತಿಲ್ಲ.

ತೂಗುವುದು ಸುಲಭ. ಎಪಿಎಂಸಿ ಯಾರ್ಡ್ ಹತ್ತಿರದ ಯಾವುದಾದರೂ ವೇ ಬ್ರಿಡ್ಜ್‌ಗೆ ಹೋಗಿ. ಮೊದಲು ಟ್ರೇಲರ್ ಕಳಚಿ, ಅದರ ಮುಂಗಾಲಿಯೂ (ಮೂಕಿಗೆ ಆಸರೆಯಾಗಿರುವ ಚಿಕ್ಕ ಗಾಲಿ) ತಟ್ಟೆಯ ಮೇಲೇ ಇರುವಂತೆ ನಿಲ್ಲಿಸಿ ತೂಗಿಸಿ. ಅದು ಒಟ್ಟು ತೂಕ. ಆಮೇಲೆ ಕಾರಿಗೆ ಜೋಡಿಸಿ, ಕಾರು ತಟ್ಟೆಯಿಂದ ಆಚೆ, ಟ್ರೇಲರ್‌ನ ಎರಡು ಗಾಲಿ ಮಾತ್ರ ತಟ್ಟೆಯ ಮೇಲೆ ಇರುವಂತೆ ಮಾಡಿ ತೂಗಿಸಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಮೂಕಿ ಭಾರ ಸಿಗುತ್ತದೆ. ವೇ ಬ್ರಿಡ್ಜ್ ಸಾಮಾನ್ಯವಾಗಿ 5 ಅಥವಾ 10 ಕಿಲೋ ಹೆಜ್ಜೆಯಲ್ಲಿ ತೋರಿಸುವುದರಿಂದ ಇದು ಅಂದಾಜು ಮಾತ್ರ. ಕರಾರುವಾಕ್ಕಾಗಿ ಬೇಕೆಂದರೆ ಮನೆಯಲ್ಲಿ ಮೈತೂಕ ನೋಡುವ ಮೆಷಿನ್ ಮೇಲೆ ಗಟ್ಟಿ ಮರದ ತುಂಡು ನಿಲ್ಲಿಸಿ, ಕಪ್ಲರ್ ಅನ್ನು ಹಿಚ್ ಎತ್ತರದಲ್ಲೇ ಅದರ ಮೇಲೆ ಇಳಿಸಿ, ಮುಂಗಾಲಿಯನ್ನು ನೆಲದಿಂದ ಎತ್ತಿ ನೋಡಿ. ಅದಕ್ಕೂ ಮುಂಚೆ ಗಾಲಿಗಳಿಗೆ ಎರಡೂ ಕಡೆ ಅಡೆ ಕೊಟ್ಟಿರಬೇಕು.

ತಿಪಟೂರಿನ ಸ್ನೇಹಿತರು ತೆಂಗಿನಕಾಯಿ, ಶ್ರೀನಿವಾಸಪುರದವರು ಮಾವಿನಹಣ್ಣು ಕೊಡದೆ ಬಿಡುವುದಿಲ್ಲ. ಎಲ್ಲಿಡುವುದು?

ಇದು ಚಿಕ್ಕ ಪ್ರಶ್ನೆಯಲ್ಲ. ಹೊರಡುವಾಗ ಸರಿಯಾಗಿದ್ದ ಟ್ರೇಲರ್ ವಾಪಸ್ ಬರುವಾಗ ತೂಗಾಡುವುದಕ್ಕೆ ಬಹುಪಾಲು ಇದೇ ಕಾರಣ. ಸುಲಿದ 50 ಕಾಯಿ ಅಂದರೆ ಸುಮಾರು 25ರಿಂದ 30 ಕಿಲೋ. ಹಿಂದಿನ ಡಿಕ್ಕಿಯಲ್ಲಿ ಜಾಗ ಖಾಲಿ ಇದೆ ಅಂತ ಮೂಟೆಯನ್ನು ಅಲ್ಲಿಗೆ ತಳ್ಳಿದಿರಿ ಅನ್ನೋಣ. ಅದು ಅಚ್ಚಿನಿಂದ 2 ಮೀಟರ್ ಹಿಂದಿದ್ದು, ಹಿಚ್ ಅಚ್ಚಿನಿಂದ 3 ಮೀಟರ್ ಮುಂದಿದ್ದರೆ, 30 ಕಿಲೋ ಮೂಟೆ ಮೂಕಿ ಭಾರದಲ್ಲಿ 20 ಕಿಲೋ ಕಡಿಮೆ ಮಾಡುತ್ತದೆ. 56 ಇದ್ದದ್ದು 36ಕ್ಕೆ ಇಳಿಯಿತು, ಟ್ರೇಲರ್ ತೂಕ ಮಾತ್ರ 830ಕ್ಕೆ ಏರಿತು. ಈಗ ಅದು ನೂರಕ್ಕೆ ನಾಲ್ಕು ಚಿಲ್ಲರೆ. ಹೆದ್ದಾರಿಯಲ್ಲಿ ಒಂದು ಲಾರಿ ಪಕ್ಕದಲ್ಲಿ ಹಾದುಹೋದರೆ ಸಾಕು, ಬಾಲ ಅಲ್ಲಾಡಲು ಶುರು.

ಕಾಯಿ, ರಾಗಿ ಮೂಟೆ, ನೀರಿನ ಕ್ಯಾನು, ಹಲಸಿನ ಹಣ್ಣು ಎಲ್ಲವೂ ನೆಲದ ಮೇಲೆ, ಅಚ್ಚಿನ ನೇರಕ್ಕೆ ಅಥವಾ ಒಂದಡಿ ಮುಂದೆ ಬರಲಿ. ಮೇಲಿನ ಕಪಾಟುಗಳಲ್ಲಿ ಬಟ್ಟೆ, ಹೊದಿಕೆ ಮಾತ್ರ. ಮಾವಿನಹಣ್ಣನ್ನು ಕಾರಿನಲ್ಲೇ ಇಡಿ. ಮುಚ್ಚಿದ ಟ್ರೇಲರ್ ಮಧ್ಯಾಹ್ನ ಕಾದರೆ ಎರಡೇ ದಿನಕ್ಕೆ ಹಣ್ಣು ಕೊಳೆತು ಹಾಸಿಗೆಯೆಲ್ಲ ವಾಸನೆ.

ಜೋಡಿಸುವ ಕ್ರಮ ಹೇಗೆ? ಒಬ್ಬರು ಮಾಡಿದರೆ ಸಾಲದೇ?

ಒಬ್ಬರು ಮಾಡಬೇಕು, ಇನ್ನೊಬ್ಬರು ಮೊದಲಿನಿಂದ ಮತ್ತೆ ನೋಡಬೇಕು. ನಡುವೆ ಯಾರಾದರೂ ಮಾತಾಡಿಸಿದರೆ ಶುರುವಿನಿಂದಲೇ ಆರಂಭಿಸಿ. ಸ್ನೇಹಿತರ ಮನೆಯಿಂದ ಹೊರಡುವಾಗ ಎಲ್ಲರೂ ಗೇಟಿನ ಹತ್ತಿರ ನಿಂತು ಬೀಳ್ಕೊಡುತ್ತಿರುತ್ತಾರೆ, ಪಿನ್ ಮರೆಯುವುದು ಆ ಗಳಿಗೆಯಲ್ಲೇ.

ಕಪ್ಲರ್ ಬಾಲ್ ಮೇಲೆ ಕೂತು ‘ಟಕ್’ ಅಂದ ಮೇಲೆ ಮುಂಗಾಲಿಯನ್ನು ನಾಲ್ಕೈದು ಸುತ್ತು ಕೆಳಕ್ಕೆ ತಿರುಗಿಸಿ ಕಾರಿನ ಹಿಂಭಾಗ ಎತ್ತಲು ನೋಡಿ. ಕಾರೂ ಜೊತೆಗೇ ಎದ್ದರೆ ಹಿಡಿದಿದೆ ಎಂದರ್ಥ. ಕಪ್ಲರ್ ಒಂದೇ ಮೇಲೆದ್ದರೆ ಹಿಡಿದಿಲ್ಲ. ಆಮೇಲೆ ಲಾಕ್ ಪಿನ್, ಸುರಕ್ಷಾ ಸರಪಳಿಗಳನ್ನು ಹಿಚ್ ಕೆಳಗೆ ಒಂದಕ್ಕೊಂದು ಅಡ್ಡ ಹಾಯುವಂತೆ ಹಾಕಿ, ಮೂಕಿ ಕಳಚಿ ಬಿದ್ದರೂ ನೆಲಕ್ಕೆ ತಾಗದೆ ಅವುಗಳ ಮೇಲೆ ಕೂರುತ್ತದೆ. ಟ್ರೇಲರ್ ಕಳಚಿದರೆ ತಾನೇ ಬ್ರೇಕ್ ಹಿಡಿಸುವ ತಂತಿಯನ್ನು ಕಾರಿನ ಚಾಸಿಗೆ ಸಿಕ್ಕಿಸಿ, ಹಿಚ್ ಬಾಲಿಗೆ ಸುತ್ತಬೇಡಿ. ಕೊನೆಗೆ ವೈರ್ ಪ್ಲಗ್. ಮುಂಗಾಲಿ ಪೂರ್ತಿ ಮೇಲೆ, ನಾಲ್ಕು ಮೂಲೆಯ ಊರುಗಾಲುಗಳು ಮೇಲೆ, ಮೆಟ್ಟಿಲು ಒಳಗೆ, ಚಾವಣಿ ಕಿಟಕಿ ಮುಚ್ಚಿದೆ, ಗ್ಯಾಸ್ ಬಂದ್. ಒಬ್ಬರು ಬ್ರೇಕ್ ತುಳಿದು ಇಂಡಿಕೇಟರ್ ಹಾಕಿದರೆ ಇನ್ನೊಬ್ಬರು ಹಿಂದೆ ನಿಂತು ನೋಡಿ.

ಎಡ ಇಂಡಿಕೇಟರ್ ಹಾಕಿದರೆ ಬೇರೆ ದೀಪಗಳೂ ಮಿಣುಕುತ್ತಿದ್ದರೆ ಬಲ್ಬ್ ಬದಲಿಸುತ್ತ ಕೂರಬೇಡಿ, ಅದು ಅರ್ತ್ ದೋಷ. 7 ಪಿನ್ನಿನ ಪ್ಲಗ್‌ನಲ್ಲಿ 3ನೇ ಪಿನ್, ಬಿಳಿ ವೈರು, ಅರ್ತ್‌ನದು. ಬಿಚ್ಚಿ, ಮರಳು ಕಾಗದದಿಂದ ಹಸಿರು ಕಿಲುಬು ಉಜ್ಜಿ ಬಿಗಿ ಮಾಡಿ. ಹಳದಿ ಎಡ ಇಂಡಿಕೇಟರ್, ಹಸಿರು ಬಲದ್ದು, ಕೆಂಪು ಬ್ರೇಕ್ ದೀಪ, ಕಪ್ಪು ಮತ್ತು ಕಂದು ಎಡ ಬಲದ ಹಿಂದೀಪಗಳು.

ರಿವರ್ಸ್ ತೆಗೆಯುವಾಗ ನಮ್ಮಿಬ್ಬರಿಗೂ ಜಗಳವಾಗುತ್ತದೆ. ಉಪಾಯ ಇದೆಯೇ?

ಇದೆ. ಸ್ಟಿಯರಿಂಗನ್ನು ಕೆಳಭಾಗದಲ್ಲಿ, ಗಡಿಯಾರದ 6ರ ಜಾಗದಲ್ಲಿ ಹಿಡಿಯಿರಿ. ಕೈ ಯಾವ ಕಡೆ ಹೋಗುತ್ತದೋ ಟ್ರೇಲರ್‌ನ ಬಾಲವೂ ಆ ಕಡೆಗೇ ಹೋಗುತ್ತದೆ. ಎಡ ಬಲ ತಿರುವುಮುರುವಾಗುವ ಗೊಂದಲ ಅಲ್ಲಿಗೆ ಹೋಯಿತು. ಸ್ವಲ್ಪ ಸ್ವಲ್ಪವೇ ತಿರುಗಿಸಿ, ಟ್ರೇಲರ್ ಮಡಚಿಕೊಳ್ಳುತ್ತಿದೆ ಅನ್ನಿಸಿದರೆ ಹಟ ಮಾಡದೆ ಮುಂದಕ್ಕೆ ಎಳೆದು ನೇರ ಮಾಡಿಕೊಳ್ಳಿ.

ಕೆಳಗೆ ನಿಂತವರು ಓಡಿಸುವವರ ಕನ್ನಡಿಯಲ್ಲಿ ಕಾಣಬೇಕು. ಕನ್ನಡಿ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುವುದಿಲ್ಲ. ‘ಈ ಕಡೆ’, ‘ಆ ಕಡೆ’, ‘ಸ್ವಲ್ಪ ಬಾ’ ಅನ್ನುವ ಮಾತುಗಳನ್ನು ಬಿಟ್ಟು, ‘ಮನೆ ಕಡೆ’, ‘ಬೇಲಿ ಕಡೆ’ ಎಂದು ಕಣ್ಣಿಗೆ ಕಾಣುವ ಗುರುತು ಹೇಳಿ. ‘ನಿಲ್ಸು’ ಅಂದರೆ ಏಕೆ ಅಂತ ಕೇಳದೆ ನಿಲ್ಲಿಸಬೇಕು. ಊರಿನ ನಾಲ್ಕು ಜನ ಸೇರಿ ‘ಬಾ ಬಾ ಬಾ’ ಅನ್ನುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಆದರೂ ಒಬ್ಬರದೇ ದನಿ ಕೇಳುವುದು ಎಂದು ಮೊದಲೇ ಒಪ್ಪಿಕೊಳ್ಳಿ, ಕಾರಿನೊಳಗೆ ಫೋನ್ ಸ್ಪೀಕರ್‌ನಲ್ಲಿಟ್ಟರೆ ಕೂಗುವ ಅಗತ್ಯವೂ ಇಲ್ಲ.

ಯಜಮಾನರೊಬ್ಬರೇ ಓಡಿಸಿ ಸುಸ್ತಾಗುತ್ತಾರೆ. ನಾನೂ ಓಡಿಸಬಹುದೇ?

ಓಡಿಸಲೇಬೇಕು. ಒಬ್ಬರಿಗೆ ಜ್ವರ ಬಂದರೆ ಟ್ರೇಲರ್ ಸಮೇತ ಮನೆಗೆ ಮುಟ್ಟಿಸುವವರು ಇನ್ನೊಬ್ಬರೇ. ಭಾನುವಾರ ಖಾಲಿ ಇರುವ ಮೈದಾನದಲ್ಲಿ ಎರಡು ದಿನ ತಿರುವು, ರಿವರ್ಸ್ ಅಭ್ಯಾಸ ಮಾಡಿ. ಬರೀ ಕಾರಿಗಿಂತ ತುಸು ತಡವಾಗಿ ತಿರುಗಿಸಬೇಕು ಅನ್ನುವುದು ಅಲ್ಲಿ ಕೈಗೆ ಹತ್ತುತ್ತದೆ. ಇಲ್ಲವಾದರೆ ಟ್ರೇಲರ್‌ನ ಒಳಗಾಲಿ ಮೋರಿ ಕಟ್ಟೆ ಏರುತ್ತದೆ.

ದಾರಿ ಹೇಗೆ ಹಾಕಿಕೊಳ್ಳಬೇಕು?

ಮೂರು ಜಿಲ್ಲೆಗೆ ಮೂರೇ ತಂಗುದಾಣ ಸಾಕು: ತುಮಕೂರು ಸುತ್ತ ಒಂದು, ಚಿಕ್ಕಬಳ್ಳಾಪುರದಲ್ಲಿ ಒಂದು, ಕೋಲಾರದಲ್ಲಿ ಒಂದು. ಒಂದೊಂದು ಕಡೆ ಮೂರು ರಾತ್ರಿ. ಟ್ರೇಲರ್ ತಂಗುದಾಣದಲ್ಲಿ ನಿಲ್ಲಲಿ, ಊರು ನೋಡಲು ಕಾರು ಮಾತ್ರ ಹೋಗಲಿ. ದಿನಾ ಬೆಳಿಗ್ಗೆ ಕಳಚಿ ಜೋಡಿಸುವ ಜೋಡಿ ಮೂರನೇ ದಿನಕ್ಕೆ ಬೇಸತ್ತು ವಾಪಸ್ ಹೊರಡುತ್ತದೆ.

ಬೆಂಗಳೂರಿನ ಒಳಗೆ ಕಾಲಿಡದೆ ಮೂರನ್ನೂ ಕೂಡಿಸಬಹುದು. ತುಮಕೂರಿನಿಂದ ಮಧುಗಿರಿ, ಗೌರಿಬಿದನೂರು ಮೇಲೆ ಚಿಕ್ಕಬಳ್ಳಾಪುರ. ಅಲ್ಲಿಂದ ಶಿಡ್ಲಘಟ್ಟ, ಚಿಂತಾಮಣಿ ಮೇಲೆ ಕೋಲಾರ. ಎಲ್ಲ ಸೇರಿ ಸುಮಾರು 200 ಕಿಲೋಮೀಟರ್. ಎರಡು ಬದಿಯಲ್ಲೂ ಬಂಡೆ ಬೆಟ್ಟಗಳು, ಕೆರೆ ಏರಿಗಳು, ದಾಳಿಂಬೆ ದ್ರಾಕ್ಷಿ ತೋಟಗಳು. ಕಿರಿದಾದ ರಸ್ತೆ ಬೇಡ ಅನ್ನುವವರು ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ ಮೇಲೆ ಹೊಸಕೋಟೆಗೆ ಹೋಗುವ ನಾಲ್ಕು ಪಥದ ರಸ್ತೆ ಹಿಡಿದು ಕೋಲಾರದ ಹೆದ್ದಾರಿ ಸೇರಬಹುದು. ನಾಲ್ಕು ಪಥದಲ್ಲಿ 70, ಎರಡು ಪಥದಲ್ಲಿ 50 ಮೀರಬೇಡಿ. ಟೋಲ್‌ನಲ್ಲಿ ಎಡತುದಿಯ ಅಗಲದ ಲೇನ್ ಹಿಡಿಯಿರಿ. ಕತ್ತಲಾದ ಮೇಲೆ ಎಳೆಯಬೇಡಿ: ಹಿಂದೀಪ ಇಲ್ಲದ ಟ್ರ್ಯಾಕ್ಟರ್ ಟ್ರಾಲಿ, ಬಣ್ಣ ಬಳಿಯದ ಹಂಪ್ ಎರಡೂ ಆಗ ಕಾಣುವುದಿಲ್ಲ. ಹಂಪನ್ನು ನೇರವಾಗಿ, ನಡಿಗೆಯ ವೇಗದಲ್ಲಿ ದಾಟಿ. ಕಾರು ದಾಟಿತು ಅಂತ ಆಕ್ಸಿಲರೇಟರ್ ಒತ್ತಿದರೆ ಟ್ರೇಲರ್‌ನ ಬಾಲ ನೆಲಕ್ಕೆ ಬಡಿಯುತ್ತದೆ, ಮೊದಲು ಒಡೆಯುವುದು ಕೊಳೆನೀರಿನ ಪೈಪು.

ಹಳೆಯ ರಸ್ತೆಗಳಲ್ಲಿ ಹುಣಸೆ ಮರಗಳ ಕೊಂಬೆ ಕೆಳಗೆ ಬಾಗಿರುತ್ತವೆ. ಬಸ್ಸು ಓಡಾಡುವ ದಾರಿಯಾದರೆ ನಡುಭಾಗದಲ್ಲಿ ಎತ್ತರ ಸಿಗುತ್ತದೆ, ಎದುರು ವಾಹನಕ್ಕೆ ದಾರಿ ಬಿಡಲು ಅಂಚಿಗೆ ಸರಿದಾಗ ಮಾತ್ರ ಚಾವಣಿಯ ಎಸಿ ಡಬ್ಬಿಗೆ ಏಟು. ಅಂಥ ಕಡೆ ಸರಿಯುವ ಬದಲು ನಿಂತುಬಿಡಿ.

ರಸ್ತೆ ಮೇಲೆ ರಾಗಿ, ಹುರುಳಿ ಹರಡಿದ್ದರೆ ಏನು ಮಾಡಬೇಕು?

ಕಾರ್ತಿಕ ಕಳೆದು ಸಂಕ್ರಾಂತಿವರೆಗೆ ಈ ಮೂರೂ ಜಿಲ್ಲೆಗಳಲ್ಲಿ ಡಾಂಬರು ರಸ್ತೆಯೇ ಕಣ. ಕಾರಿಗಿಂತ ಟ್ರೇಲರ್‌ಗೆ ಇದರ ಅಪಾಯ ಹೆಚ್ಚು. ಹುಲ್ಲು ಅಚ್ಚಿಗೆ ಹುರಿಯ ಹಾಗೆ ಸುತ್ತಿಕೊಳ್ಳುತ್ತದೆ. ಸುತ್ತು ಬಿಗಿಯಾದಂತೆ ಗಾಲಿಯ ನಡುವಿನ ಹಬ್‌ನ ಹಿಂಬದಿಯ ರಬ್ಬರ್ ಸೀಲ್ ಕಿತ್ತು, ಗ್ರೀಸು ಆಚೆ ಬಂದು, ಬ್ರೇಕ್ ಡ್ರಮ್ಮಿಗೆ ಮೆತ್ತುತ್ತದೆ. ಇತ್ತ ಕಾರಿನ ಬಿಸಿ ಸೈಲೆನ್ಸರ್‌ಗೆ ಒಣಹುಲ್ಲು ತಾಗಿದರೆ ಬೆಂಕಿ. ಹುಲ್ಲಿನ ಮೇಲೆ ಬ್ರೇಕ್ ಒತ್ತಿದರೆ ಗಾಲಿ ಜಾರಿ ಟ್ರೇಲರ್ ಅಡ್ಡ ತಿರುಗುತ್ತದೆ.

ಖಾಲಿ ಇರುವ ಅಂಚು ಇದ್ದರೆ ಅದರಲ್ಲಿ ಹೋಗಿ. ಇಲ್ಲದಿದ್ದರೆ ಮೊದಲೇ ವೇಗ ಇಳಿಸಿ, 15ರಲ್ಲಿ, ಬ್ರೇಕ್ ಮುಟ್ಟದೆ ದಾಟಿ. ದಾಟಿದ ಮೇಲೆ ನೂರು ಮೀಟರ್ ಮುಂದೆ ನಿಲ್ಲಿಸಿ ಅಡಿಯಲ್ಲಿ ಬಗ್ಗಿ ನೋಡಿ. ಎರಡೂ ಗಾಲಿಗಳ ಒಳಬದಿಯಲ್ಲಿ ಹುಲ್ಲಿನ ಉಂಗುರ ಕಂಡರೆ ಕುಡುಗೋಲಿನಿಂದ ಅಚ್ಚಿನ ಉದ್ದಕ್ಕೆ ಸೀಳಿ ತೆಗೆಯಿರಿ, ಎಳೆದರೆ ಸೀಲ್ ಕೂಡ ಬರುತ್ತದೆ. ಒಂದು ಚಿಕ್ಕ ಕುಡುಗೋಲು ಟೂಲ್ ಪೆಟ್ಟಿಗೆಯಲ್ಲಿ ಇರಲೇಬೇಕು.

ಟ್ರೇಲರ್ ಓಲಾಡತೊಡಗಿದರೆ?

ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಸ್ಟಿಯರಿಂಗ್ ನೇರ ಹಿಡಿಯಿರಿ, ಓಲಾಟಕ್ಕೆ ಎದುರಾಗಿ ತಿರುಗಿಸಬೇಡಿ. ಜೋರಾಗಿ ಬ್ರೇಕ್ ಒತ್ತಬೇಡಿ, ವೇಗ ಹೆಚ್ಚಿಸಿ ನೇರ ಮಾಡುವ ಪ್ರಯತ್ನವಂತೂ ಬೇಡವೇ ಬೇಡ. ವೇಗ ಇಳಿದಂತೆ ಓಲಾಟ ತಾನೇ ನಿಲ್ಲುತ್ತದೆ. ಆಮೇಲೆ ನಿಲ್ಲಿಸಿ ಕಾರಣ ಹುಡುಕಿ: ಹಿಂಭಾರ, ಗಾಳಿ ಕಡಿಮೆಯಾದ ಟೈರು, ಅತಿ ವೇಗ. ಈ ಮೂರರಲ್ಲಿ ಒಂದು ಸಿಕ್ಕೇ ಸಿಗುತ್ತದೆ.

ಗಾಲಿಯ ಹಬ್ ಬಿಸಿಯಾಗುತ್ತಿದೆ. ಯಾರಿಗೆ ತೋರಿಸುವುದು?

ಮೊದಲ 20 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಅಂಗೈಯ ಹಿಂಬದಿಯನ್ನು ಎರಡೂ ಹಬ್‌ಗಳ ಹತ್ತಿರ ಹಿಡಿದು ನೋಡಿ. ಬೆಚ್ಚಗಿದ್ದರೆ ಸರಿ. ಒಂದು ಬೆಚ್ಚಗೆ, ಇನ್ನೊಂದು ಮುಟ್ಟಲಾಗದಷ್ಟು ಬಿಸಿ ಅಂದರೆ ಬೇರಿಂಗ್ ಬಿಗಿಯಾಗಿದೆ, ಗ್ರೀಸು ಒಣಗಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಕಾರಿನ ಶೋರೂಮ್ ಹುಡುಕಬೇಡಿ. ಟ್ರ್ಯಾಕ್ಟರ್ ಟ್ರಾಲಿ ರಿಪೇರಿ ಮಾಡುವ ಮೇಸ್ತ್ರಿ ಹೋಬಳಿಗೊಬ್ಬರು ಸಿಗುತ್ತಾರೆ, ಅವರಿಗೆ ಈ ಕೆಲಸ ನಿತ್ಯದ್ದು.

ಬಿಗಿತ ಸರಿಪಡಿಸುವುದು ಹೀಗೆ: ಗಾಲಿ ಎತ್ತಿ, ತುದಿಯ ಮುಚ್ಚಳ ತೆಗೆದು, ಸ್ಪ್ಲಿಟ್ ಪಿನ್ ಕಳಚಿ. ಗಾಲಿಯನ್ನು ಕೈಯಲ್ಲಿ ತಿರುಗಿಸುತ್ತಲೇ ನಟ್ಟು ಬಿಗಿ ಮಾಡಿ, ತಿರುಗಣೆ ಭಾರವಾದಾಗ ನಿಲ್ಲಿಸಿ. ಈಗ ಪಿನ್ನಿನ ತೂತು ನಟ್ಟಿನ ಮುಂದಿನ ಕಚ್ಚಿಗೆ ನೇರ ಬರುವಷ್ಟೇ ಸಡಿಲಿಸಿ. ಗಾಲಿಯ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಕೂದಲೆಳೆಯಷ್ಟು ಆಟ ಸಿಗಬೇಕು. ಹೊಸ ಪಿನ್ನೇ ಹಾಕಿ, ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ. ಜೊತೆಗಿರಬೇಕಾದದ್ದು: ನಿಮ್ಮ ಹಬ್ಬಿನ ಒಂದು ಜೊತೆ ಬೇರಿಂಗ್, ಸೀಲ್, ಅರ್ಧ ಕಿಲೋ ಬೇರಿಂಗ್ ಗ್ರೀಸು, ಪಿನ್‌ಗಳು, ಟ್ರೇಲರ್‌ಗೇ ಹೊಂದುವ ಸ್ಟೆಪ್ನಿ. ಗಾಲಿ ಬಿಚ್ಚಿ ಹಾಕಿದ್ದರೆ 50 ಕಿಲೋಮೀಟರ್ ಆದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಟೈರಿನ ಹೂವು ಸವೆಯದಿದ್ದರೂ ಆರು ವರ್ಷ ದಾಟಿದ್ದರೆ ಬದಲಿಸಿ. ಪಕ್ಕದ ಗೋಡೆಯ ನಾಲ್ಕು ಅಂಕಿ ನೋಡಿ, 2321 ಅಂದರೆ 2021ರ 23ನೇ ವಾರ.

ಸ್ನೇಹಿತರ ತೋಟದಲ್ಲಿ ನಿಲ್ಲಿಸಬಹುದೇ? ಮೊದಲು ಏನು ಕೇಳಬೇಕು?

ವಿದೇಶದ ಮಾದರಿಯ ಕ್ಯಾರವಾನ್ ಪಾರ್ಕ್ ಸಿಗುತ್ತದೆ ಎಂದು ನೆಚ್ಚಿಕೊಂಡು ಹೊರಡಬೇಡಿ, ಇಲ್ಲಿ ಸ್ನೇಹಿತರ ಅಂಗಳವೇ ಅತ್ಯುತ್ತಮ. ಫೋನಿನಲ್ಲಿ ‘ಜಾಗ ಇದೆಯಾ’ ಅಂದರೆ ಎಲ್ಲರೂ ‘ಬೇಕಾದಷ್ಟಿದೆ ಬನ್ನಿ’ ಅನ್ನುತ್ತಾರೆ. ಅಳತೆ ಕೇಳಿ. ಗೇಟು ಕನಿಷ್ಠ 3 ಮೀಟರ್ ಅಗಲ ಇದೆಯೇ? ಗೇಟಿನ ಎದುರಿನ ಓಣಿ ಎಷ್ಟು ಅಗಲ? ಕಂಬದಿಂದ ಮನೆಗೆ ಎಳೆದ ಕರೆಂಟ್ ವೈರ್ ಎಷ್ಟು ಎತ್ತರದಲ್ಲಿ ಜೋತಿದೆ? ಒಳಗೆ ಕಾರು, ಟ್ರೇಲರ್ ಸೇರಿ ಸುಮಾರು 10 ಮೀಟರ್ ಉದ್ದ ತಿರುಗುತ್ತದೆಯೇ? ವಾಟ್ಸಾಪ್‌ನಲ್ಲಿ ಗೇಟಿನ ವಿಡಿಯೋ ತರಿಸಿಕೊಂಡರೆ ಇನ್ನೂ ಒಳ್ಳೆಯದು.

ತೆಂಗಿನ ಮರದ ಕೆಳಗೆ ನಿಲ್ಲಿಸಲೇಬೇಡಿ. ನೆರಳು ತಂಪಾಗಿದೆ, ನಿಜ. ಆದರೆ ರಾತ್ರಿ ಉದುರುವ ಒಂದು ಒಣಗಾಯಿ ಚಾವಣಿಯ ಪ್ಲಾಸ್ಟಿಕ್ ಕಿಟಕಿಯನ್ನು ಒಡೆದುಕೊಂಡು ನೇರವಾಗಿ ಹಾಸಿಗೆಗೆ ಬೀಳುತ್ತದೆ. ಗರಿ ಬಿದ್ದರೂ ಸೋಲಾರ್ ಹಲಗೆಗೆ ಪೆಟ್ಟು. ಮಾವು, ಬೇವು, ಹೊಂಗೆಯ ನೆರಳು ಹುಡುಕಿ. ಡ್ರಿಪ್ ಬಿಟ್ಟ ತೋಟದ ಕೆಂಪು ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ. ಹಿಮ್ಮಡಿಯಿಂದ ಒತ್ತಿ ನೋಡಿ, ಗುರುತು ಬಿದ್ದರೆ ಗಾಲಿ ಅಡಿಗೆ ಹಲಗೆ ಹಾಕಿ.

ರಸಮಟ್ಟ ಇಟ್ಟು, ಮೊದಲು ಎಡ ಬಲ ಸಮ ಮಾಡಿ. ಇದನ್ನು ಕಾರು ಕಳಚುವ ಮುಂಚೆಯೇ, ತಗ್ಗಿದ ಗಾಲಿಯನ್ನು ಹಲಗೆ ಹತ್ತಿಸಿ ಮಾಡಬೇಕು. ಆಮೇಲೆ ಅಡೆ ಕೊಟ್ಟು, ಕಾರು ಕಳಚಿ, ಮುಂಗಾಲಿ ತಿರುಗಿಸಿ ಹಿಂದುಮುಂದು ಸಮ ಮಾಡಿ. ಮೂಲೆಯ ಊರುಗಾಲುಗಳು ಅಲುಗಾಟ ತಡೆಯುವುದಕ್ಕೆ ಇರುವಂಥವು, ಅವುಗಳಿಂದ ಟ್ರೇಲರ್ ಎತ್ತಿದರೆ ಬಾಗಿಹೋಗುತ್ತವೆ.

ಟ್ರೇಲರ್‌ನಲ್ಲೇ ಮಲಗುತ್ತೇವೆ ಅಂದರೆ ಮನೆಯವರು ಬೇಜಾರು ಮಾಡಿಕೊಳ್ಳುವುದಿಲ್ಲವೇ?

ಮೊದಲೇ ಹೇಳದಿದ್ದರೆ ಖಂಡಿತ ಮಾಡಿಕೊಳ್ಳುತ್ತಾರೆ. ‘ನಮ್ಮ ಮನೆಯಲ್ಲಿ ಜಾಗ ಇಲ್ವಾ’ ಅನ್ನುವ ಮಾತು ಬಂದೇ ಬರುತ್ತದೆ. ಬರುವ ಮುನ್ನವೇ ಫೋನಿನಲ್ಲಿ, ‘ಊಟ ನಿಮ್ಮ ಮನೇಲಿ, ನಿದ್ದೆ ನಮ್ಮ ಗಾಡೀಲಿ’ ಎಂದು ಹೇಳಿಬಿಡಿ. ಮೊದಲ ರಾತ್ರಿ ನಿಮ್ಮ ಒಲೆ ಹಚ್ಚಬೇಡಿ. ಅವರ ಮುದ್ದೆ, ಬಸ್ಸಾರು ಉಣ್ಣಿ. ಬೆಳಗಿನ ಕಾಫಿಗೆ ಅವರನ್ನು ಟ್ರೇಲರ್‌ಗೆ ಕರೆಯಿರಿ. ಮಕ್ಕಳು, ಅಜ್ಜಿ ತಾತ ಎಲ್ಲರೂ ಒಳಗೆ ಬಂದು ನೋಡಲಿ, ಆದರೆ ಒಮ್ಮೆಗೆ ನಾಲ್ಕು ಜನರಿಗಿಂತ ಹೆಚ್ಚು ಬೇಡ, ಊರುಗಾಲು ಇಳಿಸದೆ ಯಾರನ್ನೂ ಹತ್ತಿಸಬೇಡಿ. ಹಿಂಬದಿ ತೂಕ ಹೆಚ್ಚಿ ಟ್ರೇಲರ್ ಬಾಲದ ಮೇಲೆ ಕೂತುಬಿಡುತ್ತದೆ. ಎರಡು ರಾತ್ರಿ ಹಿತ, ಮೂರಕ್ಕೆ ಕೇಳಿ ಉಳಿಯಿರಿ.

ಕರೆಂಟ್ ಅವರ ಮನೆಯಿಂದ ಎಳೆಯಬಹುದೇ?

ಮನೆಯ 16 ಆಂಪಿಯರ್ ಪವರ್ ಪ್ಲಗ್‌ನಿಂದ ಮಾತ್ರ. ಪಂಪ್‌ಸೆಟ್ ಸ್ಟಾರ್ಟರ್ ಬೋರ್ಡಿನಿಂದ ಎಂದೂ ಬೇಡ, ಅಲ್ಲಿ ಮೂರು ಫೇಸ್ ಇರುತ್ತದೆ. ತಪ್ಪಿ ಎರಡು ಫೇಸ್ ನಡುವೆ ಸಿಕ್ಕಿಸಿದರೆ 400 ವೋಲ್ಟ್ ಮೇಲೆ ಹರಿದು ಎಲ್ಲವೂ ಸುಟ್ಟುಹೋಗುತ್ತದೆ. 2.5 ಚದರ ಮಿಲಿಮೀಟರ್‌ನ ಮೂರು ಎಳೆಯ ತಾಮ್ರದ ವೈರು, 20 ಮೀಟರ್. ಚಕ್ರಕ್ಕೆ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಹರಡಿ, ಸುತ್ತಿದ್ದಂತೆ ಬಿಟ್ಟು ಎಸಿ ಹಾಕಿದರೆ ಒಳಗಿನ ಸುತ್ತು ಬಿಸಿಯಾಗಿ ಕರಗುತ್ತದೆ. ಟ್ರೇಲರ್ ಒಳಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇರಬೇಕು, ಸಿಕ್ಕಿಸಿದ ಕೂಡಲೇ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಹಳ್ಳಿಯಲ್ಲಿ ಸಂಜೆ ವೋಲ್ಟೇಜ್ ಕುಸಿದರೆ ಎಸಿ ಹಾಕಬೇಡಿ, ಕಂಪ್ರೆಸರ್ ಸುಡುತ್ತದೆ. ಹೊರಡುವಾಗ ಕರೆಂಟಿನ ದುಡ್ಡು ಕೊಡಹೋದರೆ ಯಾರೂ ತೆಗೆದುಕೊಳ್ಳುವುದಿಲ್ಲ, ಮನೆಗೆ ಹಣ್ಣು ಹೂವು ತೆಗೆದುಕೊಂಡು ಹೋಗಿ.

ಬ್ಯಾಟರಿ, ಸೋಲಾರ್ ಎಷ್ಟಿದ್ದರೆ ಇಬ್ಬರಿಗೆ ಸಾಕು?

12 ವೋಲ್ಟಿನ 40 ಲೀಟರ್ ಫ್ರಿಜ್ ದಿನಕ್ಕೆ ಸುಮಾರು 30 ಆಂಪಿಯರ್ ಅವರ್, 28 ವ್ಯಾಟಿನ ಫ್ಯಾನ್ ಎಂಟು ಗಂಟೆಗೆ 18, ದೀಪ, ಫೋನು, ನೀರಿನ ಪಂಪು ಸೇರಿ 12. ಒಟ್ಟು 60. 100 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ ಒಂದು ದಿನ ನಿಶ್ಚಿಂತೆ, ಚಾವಣಿಯ ಮೇಲೆ 200 ವ್ಯಾಟ್ ಹಲಗೆ ಇದ್ದು ಬಿಸಿಲು ಚೆನ್ನಾಗಿದ್ದರೆ ಖರ್ಚಾದದ್ದು ಬಹುತೇಕ ವಾಪಸ್. ಇಂಡಕ್ಷನ್ ಒಲೆ, ಎಸಿ ಈ ಲೆಕ್ಕದಲ್ಲಿ ಬರುವುದಿಲ್ಲ.

ನೀರು ಎಲ್ಲಿ ತುಂಬಿಸಿಕೊಳ್ಳುವುದು?

ಟ್ಯಾಂಕಿಗೆ ಬೋರ್‌ವೆಲ್ ನೀರು ಆಗುತ್ತದೆ, ಕೈಕಾಲು, ಪಾತ್ರೆ, ಸ್ನಾನಕ್ಕೆ. ಕುಡಿಯಲು ಮಾತ್ರ ಬೇಡ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳಿ, ಚಿಲ್ಲರೆ ಇಟ್ಟುಕೊಂಡಿರಿ. ಕೆರೆ ತುಂಬಿ ಚೆನ್ನಾಗಿ ಕಂಡರೂ ಟ್ಯಾಂಕಿಗೆ ಅದರ ನೀರು ಹಾಕಬೇಡಿ: ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಲ್ಲಿ ಈ ಭಾಗದ ಹಲವು ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಅಂತರ್ಜಲ ತುಂಬಲೆಂದು. ಓಡುವಾಗ ಟ್ಯಾಂಕ್ ಖಾಲಿ ಇರಲಿ ಅಥವಾ ಪೂರ್ತಿ ತುಂಬಿರಲಿ. ಅರ್ಧ ಟ್ಯಾಂಕಿನ ನೀರು ತಿರುವಿನಲ್ಲಿ ತುಳುಕಾಡಿ ಟ್ರೇಲರನ್ನು ತಳ್ಳುತ್ತದೆ.

ಕಕ್ಕಸಿನ ಡಬ್ಬಿ ಖಾಲಿ ಮಾಡುವುದು?

ಮನೆಯವರನ್ನು ಕೇಳಿ, ಅವರ ಶೌಚಾಲಯದ ಗುಂಡಿಗೇ ಸುರಿದು ಎರಡು ಬಕೆಟ್ ನೀರು ಹಾಕಿ. ಹೊಲ, ಕೆರೆ, ಚರಂಡಿ ಎಲ್ಲಿಯೂ ಬೇಡ. ಫಾರ್ಮಲಿನ್ ಇರುವ ರಾಸಾಯನಿಕ ಬಳಸಬೇಡಿ, ಅದು ಅವರ ಪಿಟ್‌ನಲ್ಲಿ ಕೊಳೆಸುವ ಸೂಕ್ಷ್ಮಾಣುಗಳನ್ನೇ ಕೊಲ್ಲುತ್ತದೆ.

ಅಡುಗೆ ಗ್ಯಾಸ್ ಯಾವುದು?

5 ಕಿಲೋ ಸಿಲಿಂಡರ್, ನೆಟ್ಟಗೆ ಬೆಲ್ಟ್ ಬಿಗಿದು, ಹೊರಗೆ ಬಾಗಿಲಿರುವ ಪೆಟ್ಟಿಗೆಯಲ್ಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ. ಆದ್ದರಿಂದ ಪೆಟ್ಟಿಗೆಯ ತಳದಲ್ಲಿ ತೂತು ಇರಬೇಕು. ಇರುವೆ ಬರುತ್ತದೆ ಅಂತ ಬಟ್ಟೆ ತುರುಕಿ ಮುಚ್ಚಬೇಡಿ. ರೆಗ್ಯುಲೇಟರ್ ಹಾಕಿದಾಗಲೆಲ್ಲ ಸೋಪಿನ ನೊರೆ ಹಚ್ಚಿ ನೋಡಿ. ಡಿಸೆಂಬರ್ ಚಳಿಗೆ ಒಲೆ ಉರಿಸಿ ಬೆಚ್ಚಗಾಗುವುದು, ಕೆಂಡದ ಬಾಣಲಿ ಒಳಗಿಡುವುದು ಪ್ರಾಣ ತೆಗೆಯುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಕಂಬಳಿ ಹೊದೆಯಿರಿ.

ನಂದಿ ಬೆಟ್ಟಕ್ಕೆ ಟ್ರೇಲರ್ ಸಮೇತ ಹತ್ತಬಹುದೇ?

ಬೇಡ. 1,478 ಮೀಟರ್ ಎತ್ತರದ ಬೆಟ್ಟ, ತೀರಾ ಚೂಪಾದ ಹಿಮ್ಮುರಿ ತಿರುವುಗಳು. ಟ್ರೇಲರ್ ಒಳಬದಿಯನ್ನು ಕೊಯ್ದುಕೊಂಡು ಎದುರಿನವರ ದಾರಿಗೆ ಬರುತ್ತದೆ. ಇಳಿಯುವಾಗ ಬ್ರೇಕ್ ಕಾದು ಹಿಡಿಯುವುದೇ ಇಲ್ಲ. ದೇವರಾಯನದುರ್ಗದ ಘಾಟಿಗೂ ಇದೇ ಮಾತು. ಚಿಕ್ಕಬಳ್ಳಾಪುರದಲ್ಲಿ ಟ್ರೇಲರ್ ಬಿಟ್ಟು, ವಾರದ ನಡುವಿನ ದಿನ, ನಸುಕಿನಲ್ಲಿ ಕಾರಿನಲ್ಲಿ ಹೋಗಿ. ಶನಿವಾರ, ಭಾನುವಾರ ತಪ್ಪಿಸಿ.

ಮೂರು ತಂಗುದಾಣಗಳಿಂದ ಏನೇನು ನೋಡಬಹುದು?

ತುಮಕೂರಿನಿಂದ ಸಿದ್ಧಗಂಗಾ ಮಠ, ದೇವರಾಯನದುರ್ಗದ ಯೋಗಾನರಸಿಂಹ, ಭೋಗಾನರಸಿಂಹ, ಅದರ ಬುಡದ ನಾಮದ ಚಿಲುಮೆ. ಜಕಣಾಚಾರಿಯ ಊರೆಂದು ಹೇಳುವ ಕೈದಾಳದ ಚನ್ನಕೇಶವ ತುಮಕೂರಿಗೆ ತೀರಾ ಹತ್ತಿರ. ತುರುವೇಕೆರೆ ಕಡೆ ವಿಘ್ನಸಂತೆಯ ಹೊಯ್ಸಳ ಗುಡಿಗೆ ಜನ ಕಡಿಮೆ, ಅರ್ಧ ದಿನ ಸದ್ದಿಲ್ಲದೆ ಕೂರಬಹುದು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಬಿಸಿಲೇರುವ ಮುಂಚೆ ಹತ್ತಿ, ಒದ್ದೆ ಬಂಡೆಯಾದರೆ ಹತ್ತಬೇಡಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಅದಕ್ಕೆ ಬೆಣ್ಣೆ.

ಚಿಕ್ಕಬಳ್ಳಾಪುರದಿಂದ ನಂದಿ ಗ್ರಾಮದ ಭೋಗನಂದೀಶ್ವರ ಮೊದಲು. ಬೆಟ್ಟಕ್ಕೆ ಓಡುವವರಲ್ಲಿ ಅರ್ಧಕ್ಕರ್ಧ ಜನ ಬುಡದ ಈ ಗುಡಿಯನ್ನು ನೋಡದೆ ಹೋಗುತ್ತಾರೆ, ಅದು ದೊಡ್ಡ ನಷ್ಟ. ಕಲ್ಯಾಣ ಮಂಟಪದ ಕಂಬಗಳ ಮುಂದೆ ಕಾಲು ಗಂಟೆಯಾದರೂ ನಿಲ್ಲಿ, ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು ಬನ್ನಿ. ಹತ್ತಿರದಲ್ಲೇ ಮುದ್ದೇನಹಳ್ಳಿ, ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಗುಡಿಬಂಡೆ ಕೋಟೆ, ಅದರ ಮೇಲಿನಿಂದ ಕಾಣುವ ಅಮಾನಿ ಭೈರಸಾಗರ ಕೆರೆ ಒಂದು ಬೆಳಗಿಗೆ. ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥ: ಸಾಲು ಸಾಲು ನಾಗರಕಲ್ಲು, ಜೊತೆಗೆ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗೋಲಿಬಾರ್ ನಡೆದ ನೆಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಬೆಳಿಗ್ಗೆ ನೋಡಬೇಕು, ವ್ಯಾಪಾರಕ್ಕೆ ಅಡ್ಡ ನಿಲ್ಲದೆ.

ಕೋಲಾರದಲ್ಲಿ ಕೋಲಾರಮ್ಮ, ಸೋಮೇಶ್ವರ, ಅಂತರಗಂಗೆ. ಆವಣಿಯ ರಾಮಲಿಂಗೇಶ್ವರ ಗುಡಿಗಳ ಸಮೂಹ, ಕುರುಡುಮಲೆಯ ಏಕಶಿಲೆಯ ದೊಡ್ಡ ಗಣಪತಿ, ಮುಳಬಾಗಿಲು ದೋಸೆ, ಮೂರೂ ಒಂದೇ ದಿನಕ್ಕೆ. ಕೆಜಿಎಫ್‌ನ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು, ಒಳಗೆ ಇಳಿಸುತ್ತಾರೆ ಎಂದು ಹೋಗಬೇಡಿ. ಅಲ್ಲಿನ ಸೈನೈಡ್ ದಿಬ್ಬಗಳ ಹತ್ತಿರ ಟ್ರೇಲರ್ ನಿಲ್ಲಿಸಬಾರದು, ಗಾಳಿ ಎದ್ದರೆ ಆ ದೂಳು ಹಾಸಿಗೆ ಪಾತ್ರೆಗಳಿಗೆಲ್ಲ ಕೂರುತ್ತದೆ. ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಎಪಿಎಂಸಿ ಸುತ್ತಿನ ರಸ್ತೆಗಳಲ್ಲಿ ಬೆಳಿಗ್ಗೆ ಕ್ರೇಟು ತುಂಬಿದ ಗಾಡಿಗಳದೇ ಸಾಲು, ಟ್ರೇಲರ್ ಸಾಗಿಸುವುದಿದ್ದರೆ ಮಧ್ಯಾಹ್ನ.

ಕೋತಿಗಳು?

ನಂದಿ, ಅಂತರಗಂಗೆ, ದೇವರಾಯನದುರ್ಗ, ಮೂರೂ ಕಡೆ ಹೆಚ್ಚು. ಬೆಟ್ಟದ ಬುಡದ ಊರುಗಳಲ್ಲಿ ಟ್ರೇಲರ್ ಬಿಟ್ಟು ಹೋಗುವಾಗ ಬಾಳೆಹಣ್ಣು, ಬ್ರೆಡ್ ಕಿಟಕಿಯಿಂದ ಕಾಣುವಂತೆ ಇಡಬೇಡಿ. ಸೊಳ್ಳೆ ಪರದೆಯೊಂದನ್ನೇ ನಂಬಿ ಕಿಟಕಿ ತೆರೆದಿಟ್ಟರೆ ಒಂದೇ ಎಳೆತಕ್ಕೆ ಹರಿದು ಒಳಗೆ ಬರುತ್ತವೆ.

ಯಾವ ತಿಂಗಳು ಹೊರಡಬೇಕು?

ನವೆಂಬರ್ ಕೊನೆಯಿಂದ ಫೆಬ್ರವರಿ. ರಸ್ತೆಗಳ ಮೇಲಿನ ಕಣ ಬೇಡವೆಂದರೆ ಸಂಕ್ರಾಂತಿ ಆದ ಮೇಲೆ. ಶಿವರಾತ್ರಿ ಆಸುಪಾಸಿನಲ್ಲಿ ಸಿದ್ಧಗಂಗೆ ಜಾತ್ರೆ, ನಂದಿಯ ಭೋಗನಂದೀಶ್ವರನ ತೇರು ಎರಡೂ ಬರುತ್ತವೆ. ಜಾತ್ರೆ ನೋಡಲೇಬೇಕಾದದ್ದು, ಆದರೆ ಟ್ರೇಲರನ್ನು ಹಿಂದಿನ ದಿನವೇ ದೂರದ ಊರಿನ ಸ್ನೇಹಿತರ ಮನೆಯಲ್ಲಿ ನಿಲ್ಲಿಸಿ, ಬಸ್ಸಿನಲ್ಲಿ ಹೋಗಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಟ್ರೇಲರ್ ಒಳಗೆ ಕೂರಲಾಗುವುದಿಲ್ಲ.

ಮನೆಗೆ ಬಂದ ಮೇಲೆ ಏನು ಮಾಡಬೇಕು?

ಅದೇ ದಿನ ನೀರಿನ ಟ್ಯಾಂಕು, ಪೈಪು ಪೂರ್ತಿ ಖಾಲಿ ಮಾಡಿ. ಗಡಸು ನೀರು ನಿಂತರೆ ಪಂಪಿನ ಒಳಗೆ ಸುಣ್ಣ ಕಟ್ಟುತ್ತದೆ. ಫ್ರಿಜ್ ಬಾಗಿಲು ತೆರೆದಿಡಿ. ಗ್ಯಾಸ್ ಸಿಲಿಂಡರ್ ಹೊರಗೆ ತೆಗೆದಿಡಿ. ಗಾಲಿಗೆ ಅಡೆ ಕೊಟ್ಟು ಹ್ಯಾಂಡ್‌ಬ್ರೇಕ್ ಸಡಿಲಿಸಿ, ತಿಂಗಳುಗಟ್ಟಲೆ ಎಳೆದಿಟ್ಟರೆ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಕಪಾಟು, ಹಾಸಿಗೆ ಅಡಿ ಎಲ್ಲ ಒಮ್ಮೆ ತಡಕಿ ನೋಡಿ, ಸ್ನೇಹಿತರ ಮನೆಯ ಉಪ್ಪಿನಕಾಯಿ ಡಬ್ಬಿ ಎಲ್ಲೋ ಒಂದು ಮೂಲೆಯಲ್ಲಿ ಉರುಳಿಕೊಂಡಿರುತ್ತದೆ.